ಅಂತರ್ಜಾಲ ತರಗತಿಗಳಲ್ಲಿ ಪೋಷಣವಿಜ್ಞಾನ ಮತ್ತು ಪಾಕಶಿಕ್ಷಣ

ಆಹಾರದ ವಿಷಯವನ್ನು ಬೋಧಿಸುವುದು ಸುಲಭ. ಆಹಾರದ ಅಭ್ಯಾಸವನ್ನು ತಿದ್ದುವುದು ಕಷ್ಟ. 2020ರ ಮಾರ್ಚಿ ತಿಂಗಳಲ್ಲಿ ಶಾಲಾಕಾಲೇಜುಗಳು ಮುಚ್ಚಿದಾಗ ಗೃಹವಿಜ್ಞಾನವೂ ಇತರ ಶಾಸ್ತ್ರಗಳಂತೆ ಅಂತರ್ಜಾಲವನ್ನು ಆಶ್ರಯಿಸಬೇಕಾಯಿತು. ತನ್ನ ಮನೆಯ ಒಲೆಯ ಮುಂದೆ ನಿಂತ ವಿದ್ಯಾರ್ಥಿಗೆ ದೂರದಿಂದ ಪಾಕವನ್ನೂ ಪೋಷಣೆಯನ್ನೂ ಕಲಿಸಬಹುದೇ, ಕಲಿಸುವುದಾದರೆ ಯಾವ ಕ್ರಮದಿಂದ ಎಂಬುದನ್ನು ಇಲ್ಲಿ ಸಂಗ್ರಹವಾಗಿ ಪರಿಶೀಲಿಸುತ್ತೇವೆ.

ಈ ಪ್ರಶ್ನೆ ಕೇವಲ ಬೋಧನಕ್ರಮಕ್ಕೆ ಸಂಬಂಧಿಸಿದುದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೂ ಹುಡುಗರಲ್ಲಿ ನೂರಕ್ಕೆ 31 ಮಂದಿಗೂ ರಕ್ತಹೀನತೆಯಿತ್ತು. ನಮ್ಮ ತರಗತಿಗಳಲ್ಲಿ ಕುಳಿತಿರುವವರು ಬಹುಮಟ್ಟಿಗೆ ಈ ವಯಸ್ಸಿನವರೇ.

ಆಹಾರಪಾಠವನ್ನು ದೂರಕ್ಕೆ ತಲಪಿಸುವ ಯತ್ನ ನಮ್ಮ ದೇಶಕ್ಕೆ ಹೊಸದಲ್ಲ. 1918ರಲ್ಲಿ ಮೆಕ್ಯಾರಿಸನ್ನರು ಕೂನೂರಿನಲ್ಲಿ ಬೆರಿಬೆರಿ ರೋಗದ ವಿಚಾರಣೆಗಾಗಿ ಆರಂಭಿಸಿದ ಚಿಕ್ಕ ಘಟಕವೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಬಂದು, ಮುಂದೆ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು. ಕೂನೂರಿನಲ್ಲಿ ಅದರ ನಿರ್ದೇಶಕರಾಗಿದ್ದ ಆಯ್ಕ್ರಾಯ್ಡರು 1937ರಲ್ಲಿ ಭಾರತೀಯ ಆಹಾರಗಳ ಪೋಷಕಾಂಶಗಳ ಪಟ್ಟಿಯನ್ನು ಪುಸ್ತಿಕೆಯಾಗಿ ಪ್ರಕಟಿಸಿದರು. ಪುಸ್ತಿಕೆ ಅಂಕಿಗಳನ್ನು ಒದಗಿಸಿತು. ಆದರೆ ಅಡಿಗೆಯ ಬಗೆಯನ್ನು ಕಣ್ಣಿಗೆ ಕಾಣಿಸಲು ಅಂಕಿಗಳಿಂದ ಆಗದು.

ಈ ಕೊರತೆಯನ್ನು ದೂರದರ್ಶನವು ತುಂಬಬಲ್ಲುದಾಗಿತ್ತು. 1975ರ ಆಗಸ್ಟ್ 1ರಿಂದ ಒಂದು ವರ್ಷಕಾಲ, ಅಮೆರಿಕದ ಉಪಗ್ರಹವೊಂದರ ನೆರವಿನಿಂದ, ಆರು ರಾಜ್ಯಗಳ ಸುಮಾರು 2,400 ಗ್ರಾಮಗಳಿಗೆ ಬೇಸಾಯ, ಆರೋಗ್ಯ ಮೊದಲಾದ ವಿಷಯಗಳ ಕಾರ್ಯಕ್ರಮಗಳು ಪ್ರಸಾರವಾದವು. ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇವುಗಳಲ್ಲಿ ಸೇರಿದ್ದವು. ಚಿತ್ರವೂ ಧ್ವನಿಯೂ ಹಳ್ಳಿಯನ್ನು ಮುಟ್ಟಿದವು, ಆದರೆ “ನಮ್ಮಲ್ಲಿ ಆ ಕಾಳು ಸಿಗದಿದ್ದರೆ ಏನು ಮಾಡಬೇಕು?” ಎಂದು ಪರದೆಯನ್ನು ಕೇಳುವ ದಾರಿ ನೋಡುವವರಿಗೆ ಇರಲಿಲ್ಲ.

ಅಂತರ್ಜಾಲ ತರಗತಿಯ ವಿಶೇಷ ಎರಡು. ಮೊದಲನೆಯದಾಗಿ, ಪ್ರಶ್ನೆ ಹಿಂದಿರುಗಿ ಬರುವ ದಾರಿ ಇಲ್ಲಿ ತೆರೆದಿದೆ. ಎರಡನೆಯದು, ಇದಕ್ಕಿಂತ ಮುಖ್ಯವಾದುದು: ಕಾಲೇಜಿನ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯು ಅಳೆದಿಟ್ಟ ಸಾಮಗ್ರಿಯಿಂದ ಅಡಿಗೆ ಮಾಡಿ, ಮನೆಗೆ ಹೋಗಿ ಎಂದಿನ ಊಟವನ್ನೇ ಉಣ್ಣುತ್ತಾನೆ, ಇಲ್ಲಿ ಮನೆಯೇ ಪ್ರಯೋಗಶಾಲೆ. ಆದಕಾರಣ ಪಾಠವು ಪುಸ್ತಕದ ಪಟ್ಟಿಯಿಂದಲ್ಲ, ಆ ಮನೆಯ ಡಬ್ಬಿಗಳಲ್ಲಿ ಇರುವುದರಿಂದ ಆರಂಭವಾಗತಕ್ಕದ್ದು.

ಉದಾಹರಣೆಗೆ ಉಪ್ಪನ್ನು ತೆಗೆದುಕೊಳ್ಳೋಣ. ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಮೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಾಲ್ವರು ವಯಸ್ಕರ ಮನೆಯಲ್ಲಿ ಒಂದು ಕಿಲೋ ಉಪ್ಪು 30 ದಿನಗಳಲ್ಲಿ ಮುಗಿದರೆ, ತಲೆಗೆ ದಿನಕ್ಕೆ 8 ಗ್ರಾಮಿಗೂ ಮಿಕ್ಕಿ ಬೀಳುತ್ತದೆ. ಹೊರಗಿನ ತಿಂಡಿಯ ಉಪ್ಪು ಬೇರೆ. ಈ ಲೆಕ್ಕವನ್ನು ತನ್ನ ಮನೆಯ ಪೊಟ್ಟಣದಿಂದ ತಾನೇ ಮಾಡಿದ ವಿದ್ಯಾರ್ಥಿಗೆ ಉಪದೇಶದ ಅಗತ್ಯವಿಲ್ಲ. ಹಾಗೆಯೇ ಸೊಪ್ಪು ಮತ್ತು ಕಾಳುಗಳ ಕಬ್ಬಿಣಾಂಶವನ್ನು ದೇಹವು ಹೀರಿಕೊಳ್ಳುವುದು ಸ್ವಲ್ಪವೇ. ಅದೇ ಊಟದಲ್ಲಿ ನಿಂಬೆ ಅಥವಾ ನೆಲ್ಲಿ ಸೇರಿದರೆ ಅದು ಹೆಚ್ಚುತ್ತದೆ, ಊಟದೊಡನೆ ಚಹಾ ಕುಡಿದರೆ ತಗ್ಗುತ್ತದೆ. ಬಿಸಿಯಿಂದ ‘ಸಿ’ ಜೀವಸತ್ವವು ನಷ್ಟವಾಗುವುದರಿಂದ ಪಲ್ಯವನ್ನು ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡಬೇಕು. ಅನ್ನವನ್ನು ಬಸಿದು ಗಂಜಿಯನ್ನು ಚೆಲ್ಲಿದರೆ ‘ಬಿ’ ಗುಂಪಿನ ಜೀವಸತ್ವಗಳು ಅದರೊಡನೆ ಹೋಗುತ್ತವೆ. ಗಂಜಿಯನ್ನು ಸಾರಿಗೆ ಬೆರೆಸಿದರೆ ಉಳಿಯುತ್ತವೆ. ಇವುಗಳಿಗೆ ಹೆಚ್ಚಿನ ಖರ್ಚಿಲ್ಲ. ಮನೆಯ ರುಚಿಗೂ ಇವು ವಿರೋಧವಲ್ಲ.

ಇದರ ಮಿತಿಗಳನ್ನೂ ಮರೆಯುವಂತಿಲ್ಲ. ಒಗ್ಗರಣೆಯ ವಾಸನೆ, ಹಿಟ್ಟಿನ ಹದ, ನಾಲಗೆಯ ರುಚಿ ಇವು ಪರದೆಯನ್ನು ದಾಟಿ ಬರಲಾರವು. ಬೆಂಕಿ ಮತ್ತು ಚಾಕುಗಳ ಬಳಿ ಎಳೆಯರಿದ್ದಾಗ ಮನೆಯ ಹಿರಿಯರೊಬ್ಬರು ಜೊತೆಯಲ್ಲಿರಬೇಕು. ಮನೆಗೊಂದೇ ದೂರವಾಣಿ ಇರುವಲ್ಲಿ ಪಾಠವನ್ನು ಬಿಡುವಿನಲ್ಲಿ ನೋಡುವ ಅನುಕೂಲವಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಅಡಿಗೆಮನೆಯನ್ನು ಎಲ್ಲರೆದುರು ತೆರೆದು ತೋರಿಸಬೇಕೆಂದು ವಿದ್ಯಾರ್ಥಿಯನ್ನು ಒತ್ತಾಯಿಸುವುದು ಸಲ್ಲದು. ಬಡತನವು ಸಹಪಾಠಿಗಳ ಕಣ್ಣಿಗೆ ಬಿದ್ದ ದಿನವೇ ಆ ವಿದ್ಯಾರ್ಥಿಗೆ ಪಾಠದಲ್ಲಿ ಮನಸ್ಸು ನಿಲ್ಲದು. ಮಾಡಿದ್ದನ್ನು ಬರೆದು ತಿಳಿಸಿದರೆ ಸಾಕು.

ಇನ್ನೊಂದು ಮಾತು. ಗೃಹವಿಜ್ಞಾನವು ನಮ್ಮಲ್ಲಿ ಬಹುಕಾಲ ಹೆಣ್ಣುಮಕ್ಕಳ ವಿಷಯವೆಂದೇ ಬಗೆಯಲ್ಪಟ್ಟಿತು. 1932ರಲ್ಲಿ ದೆಹಲಿಯಲ್ಲಿ ಸ್ಥಾಪಿತವಾದ ಲೇಡಿ ಇರ್ವಿನ್ ಕಾಲೇಜು ಮಹಿಳೆಯರಿಗಾಗಿಯೇ ಹುಟ್ಟಿದ್ದು. ರಕ್ತಹೀನತೆ ಹುಡುಗರನ್ನೂ ಬಿಟ್ಟಿಲ್ಲವೆಂಬುದನ್ನು ಮೇಲೆ ಕಂಡೆವು. ಓದಿಗಾಗಿ ಊರು ಬಿಟ್ಟು ಬಾಡಿಗೆಯ ಕೋಣೆಯಲ್ಲಿ ವಾಸಿಸುವ ತರುಣನಿಗೆ ಬೇಳೆ ಬೇಯಿಸುವ ವಿದ್ಯೆ ಅಷ್ಟೇ ಅವಶ್ಯಕ. ಕೊಠಡಿಯ ಗೋಡೆಗಳಿಲ್ಲದ ಈ ತರಗತಿ ಅವನನ್ನೂ ಒಳಗೊಳ್ಳಬೇಕು.

ಸಾಧನವು ಪುಸ್ತಿಕೆಯಿಂದ ಉಪಗ್ರಹಕ್ಕೆ, ಉಪಗ್ರಹದಿಂದ ಅಂತರ್ಜಾಲಕ್ಕೆ ಬದಲಾಯಿತು. ಪಾಠದ ಪರೀಕ್ಷೆ ಬದಲಾಗಿಲ್ಲ. ತರಗತಿ ಮುಗಿದ ಮರುದಿನ ಆ ಮನೆಯ ತಟ್ಟೆಯಲ್ಲಿ ಏನಿದೆ ಎಂಬುದೇ ಆ ಪರೀಕ್ಷೆ. ಪಾಠಕ್ರಮವನ್ನು ರಚಿಸುವ ಅಧ್ಯಾಪಕರು ಇದನ್ನು ಮೊದಲು ಲಕ್ಷ್ಯದಲ್ಲಿಡುವುದು ಯುಕ್ತವೆಂದು ನಾವು ಭಾವಿಸುತ್ತೇವೆ.