ಸಮವಸ್ತ್ರ ಕಳಚಿದ ಮೇಲೆ ಆಸ್ಪತ್ರೆ ಖರ್ಚು ಯಾರದು?

ನಿಮ್ಮ ಮನೆಯವರು ಯಾರಾದರೂ ಪ್ರಾದೇಶಿಕ ಸೇನೆ, ಅಂದರೆ ಟೆರಿಟೋರಿಯಲ್ ಆರ್ಮಿಯಲ್ಲಿ ಇದ್ದಾರೆಯೆ? ಹಾಗಿದ್ದರೆ ಅವರ ರಕ್ತದೊತ್ತಡ, ಸಕ್ಕರೆಯ ಲೆಕ್ಕದ ಜೊತೆಗೆ ಇನ್ನೊಂದು ಲೆಕ್ಕವನ್ನೂ ಬರೆದಿಡಿ: ಅವರು ಸೇವೆಯಲ್ಲಿ ಕಳೆದ ದಿನಗಳ ಲೆಕ್ಕ. ಮುಂದೆ ಇಡೀ ಕುಟುಂಬದ ಚಿಕಿತ್ಸೆ ಅದರ ಮೇಲೆ ನಿಂತಿರುತ್ತದೆ.

1949ರಲ್ಲಿ ಆರಂಭವಾದ ಈ ಸೇನೆ ದೇಶದ ಮೀಸಲು ಬಲ. ಬೆಂಗಳೂರು, ಬೆಳಗಾವಿಗಳಲ್ಲೂ ಇದರ ದಳಗಳಿವೆ. ಅಗತ್ಯ ಬಿದ್ದಾಗ ಸೈನಿಕರನ್ನು ಸೇವೆಗೆ ಕರೆಯುತ್ತಾರೆ, ಮುಗಿದಾಗ ಮನೆಗೆ ಕಳಿಸುತ್ತಾರೆ. ಸೇವೆಯಲ್ಲಿರುವಷ್ಟು ದಿನ ಅವರಿಗೂ ಅವಲಂಬಿತರಿಗೂ ಸೇನೆಯ ವೈದ್ಯಕೀಯ ಸೌಲಭ್ಯ ಉಂಟು. ಚಿಂತೆ ಶುರುವಾಗುವುದು ಊರಿಗೆ ಮರಳಿದ ಮೇಲೆ.

ಮಾಜಿ ಸೈನಿಕರಿಗಾಗಿ 2003ರ ಏಪ್ರಿಲ್‌ನಲ್ಲಿ ಇಸಿಎಚ್‌ಎಸ್ ಎಂಬ ಆರೋಗ್ಯ ಯೋಜನೆ ಜಾರಿಗೆ ಬಂತು. 2017ರ ಆದೇಶದಂತೆ ಹವಾಲ್ದಾರ್ ದರ್ಜೆಯವರೆಗಿನವರಿಗೆ ವಂತಿಗೆ 30,000 ರೂಪಾಯಿ, ಅದೂ ಒಂದೇ ಸಲ. ಆಮೇಲೆ ದಂಪತಿಗೆ ಜೀವನಪರ್ಯಂತ ನಗದುರಹಿತ ಚಿಕಿತ್ಸೆ. ಮೊದಲೇ ಇದ್ದ ಕಾಯಿಲೆ ಅಡ್ಡಿಯಲ್ಲ. ದುಡಿಮೆಗೆ ಇಳಿಯದ, ಮದುವೆಯಾಗದ ಮಗನಿಗೆ 25 ವರ್ಷದವರೆಗೆ ಸೌಲಭ್ಯವಿದೆ. ಅಂಗವಿಕಲ ಮಕ್ಕಳಿಗೆ ವಯಸ್ಸಿನ ಮಿತಿಯಿಲ್ಲ.

ಆದರೆ ಬಾಗಿಲು ತೆರೆಯುವ ಕೀಲಿಕೈ ಪಿಂಚಣಿ. ಪ್ರಾದೇಶಿಕ ಸೇನೆಯ ಜವಾನನಿಗೆ ಅದು ಸಿಗಬೇಕಾದರೆ ಕರೆಯ ಮೇಲೆ ಮಾಡಿದ ಸೇವೆ ಒಟ್ಟು 15 ವರ್ಷ ತುಂಬಬೇಕು. ಮನೆಯಲ್ಲಿದ್ದ ದಿನಗಳು ಲೆಕ್ಕಕ್ಕಿಲ್ಲ. ಹೆಸರು ಪಟ್ಟಿಯಲ್ಲಿ 20 ವರ್ಷ ಇದ್ದರೂ ಸೇವಾವಧಿ ಅಷ್ಟು ಆಗಿರಲಾರದು. ಸೇವೆಯಲ್ಲಿ ಗಾಯಗೊಂಡು ಅಂಗವಿಕಲ ಪಿಂಚಣಿ ಪಡೆದವರ ಮಾತು ಬೇರೆ. ಅವರಿಗೂ ಯೋಜನೆ ಅನ್ವಯಿಸುತ್ತದೆ.

ಅವಧಿ ತುಂಬುವ ಭರವಸೆ ಇಲ್ಲವೆ? ಆರೋಗ್ಯವಾಗಿರುವಾಗಲೇ ಕುಟುಂಬಕ್ಕೆ ವಿಮೆ ಮಾಡಿಸಿ. ಕಾಯಿಲೆ ಬಂದ ಮೇಲೆ ಮಾಡಿಸಿದರೆ ಆ ಕಾಯಿಲೆಯ ಖರ್ಚು ಸಿಗಲು ಮೂರು ವರ್ಷದವರೆಗೆ ಕಾಯಬೇಕಾದೀತು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು.

ಇಸಿಎಚ್‌ಎಸ್ ಕಾರ್ಡ್ ಇರುವವರು ಒಂದು ಮಾತು ಮರೆಯಬೇಡಿ. ಎದೆನೋವು, ಅಪಘಾತದಂಥ ತುರ್ತಿನಲ್ಲಿ ಹತ್ತಿರದ ಯಾವ ಆಸ್ಪತ್ರೆಗಾದರೂ ಹೋಗಿ. ಅದು ಯೋಜನೆಯ ಪಟ್ಟಿಯಲ್ಲಿ ಇಲ್ಲದಿದ್ದರೆ 48 ಗಂಟೆಯೊಳಗೆ ಸಮೀಪದ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ಗೆ ತಿಳಿಸಿ, ಬಿಲ್ಲುಗಳನ್ನು ಜೋಪಾನವಾಗಿಡಿ. ರೋಗಿಯ ಬಳಿ ಕೂತವರಿಗೆ ಈ ನಿಯಮ ನೆನಪಿಗೆ ಬಾರದು. ಆದ್ದರಿಂದ ಪಾಲಿಕ್ಲಿನಿಕ್‌ನ ದೂರವಾಣಿ ಸಂಖ್ಯೆಯನ್ನು ಇವತ್ತೇ ಬರೆದು ಮನೆಯ ಗೋಡೆಗೆ ಅಂಟಿಸಿ.