ತ್ಯಾಗವೊ, ಪ್ರೀತಿಯೊ?

ಮಂತ್ರಶಕ್ತಿ ಪಡೆದ ಶಾಲಾಬಾಲೆಯರ ಕಥೆ ಜಪಾನಿನ ಆನಿಮೆ ಚಿತ್ರಗಳಲ್ಲಿ ಹೊಸತಲ್ಲ. ಆದರೆ 2011ರಲ್ಲಿ ಟೆಲಿವಿಷನ್ನಿನಲ್ಲಿ ಬಂದ, ಗೆನ್ ಉರೊಬುಚಿ ಬರೆದ 12 ಕಂತುಗಳ ‘ಮದೋಕಾ ಮಾಗಿಕಾ’ದಲ್ಲಿ ವರ ಪಡೆದ ಬಾಲೆಯರೇ ಹತಾಶರಾಗಿ ಮಾಟಗಾತಿಯರಾಗುತ್ತಾರೆ. ಆ ದುರ್ಗತಿಯಿಂದ ಅವರನ್ನು ಬಿಡಿಸಲು ಮದೋಕಾ ತನ್ನ ಮನುಷ್ಯಜನ್ಮವನ್ನೇ ತೆತ್ತು ದೇವತೆಯಾಗುತ್ತಾಳೆ. ಮಗಳೊಬ್ಬಳಿದ್ದಳೆಂಬುದು ಹೆತ್ತ ತಾಯಿಗೂ ಮರೆತುಹೋಗುತ್ತದೆ. ಪೂರ್ಣ ನೆನಪು ಉಳಿಯುವುದು ಗೆಳತಿ ಹೊಮುರಾಳಿಗೆ ಮಾತ್ರ.

2013ರ ಚಲನಚಿತ್ರ ‘ರೆಬೆಲಿಯನ್’ ಇದರ ಉತ್ತರಭಾಗ. ಇಲ್ಲಿ ಹೊಮುರಾ ಗೆಳತಿಯನ್ನು ದೈವಪದವಿಯಿಂದ ಕಿತ್ತು ತಂದು ಮತ್ತೆ ತಾಯಿತಂದೆಯರ ಮಗಳನ್ನಾಗಿಸುತ್ತಾಳೆ. ಅದಕ್ಕಾಗಿ ತಾನು ರಾಕ್ಷಸಿಯೆನಿಸಿಕೊಳ್ಳಲೂ ಹಿಂಜರಿಯುವುದಿಲ್ಲ. ಅಂದಿನಿಂದ ಅಭಿಮಾನಿಗಳಲ್ಲಿ ಎರಡು ಪಂಗಡ. ಸಾರ್ಥಕವಾದ ತ್ಯಾಗವನ್ನು ಈ ಚಿತ್ರ ಕೆಡಿಸಿತೆಂಬುದು ಒಂದು ವಾದ. ನಿಮ್ಮೆಲ್ಲರನ್ನು ಅಗಲಿ ಇರಲಾರೆನೆಂದು ಹೂಬಯಲಿನ ದೃಶ್ಯದಲ್ಲಿ ಮದೋಕಾಳೇ ನುಡಿಯಲಿಲ್ಲವೆ ಎಂಬುದು ಮರುವಾದ. ನುಡಿದದ್ದು ನಿಜ; ಆದರೆ ತಾನು ದೇವತೆಯಾದುದು ಆಗ ಅವಳ ನೆನಪಿನಲ್ಲಿರಲಿಲ್ಲ. ತೊಡಕಿರುವುದು ಇಲ್ಲಿಯೇ.

ತ್ಯಾಗಿಯನ್ನು ಲೋಕ ಕೊಂಡಾಡುತ್ತದೆ. ಉಳಿದುಹೋದವರ ಅಳಲನ್ನು ಕೇಳುವವರಿಲ್ಲ. ಈ ಉತ್ತರಭಾಗ ಅದನ್ನು ಕೇಳಿತು. ಆದರೆ ಒಪ್ಪಿಗೆಯಿಲ್ಲದೆ ದೊರಕಿಸಿದ ಸುಖ ಸೆರೆಯಾಗದಿರುವುದೆ? ಹೊಮುರಾಳಿಗೆ ಅದು ತಿಳಿಯದೆ ಇಲ್ಲ. ಮುಂದೊಂದು ದಿನ ನೀನು ನನಗೆ ಹಗೆಯಾಗಬಹುದೆಂದು ಹೇಳುತ್ತ, ಗೆಳತಿಯ ಕೆಂಪು ರಿಬ್ಬನ್ನನ್ನು ಅವಳ ಮುಡಿಗೆ ತಾನೇ ಮರಳಿ ಕಟ್ಟುತ್ತಾಳೆ.