ಒಂಬತ್ತನೇ ಕ್ಲಾಸಿನಲ್ಲಿ ಹರಿದ ನದಿ

ಕೋಲಾರದಿಂದ ಮುಳಬಾಗಿಲಿನ ಕಡೆ ಹೋಗುವಾಗ ಹೆದ್ದಾರಿ ಬಿಟ್ಟು ಎಡಕ್ಕೆ ಹೊರಳಿದರೆ ಟೊಮೆಟೊ ಗಿಡಕ್ಕೆ ಕಡ್ಡಿ ನೆಟ್ಟ ಹೊಲಗಳು, ಅವುಗಳ ಪಕ್ಕಕ್ಕೇ ಹಿಪ್ಪುನೇರಳೆ ತೋಟ, ದಿಬ್ಬ ಹತ್ತಿದರೆ ನೀಲಗಿರಿ ತೋಪು. ಊರ ಬಾಗಿಲಲ್ಲಿ ಹಾಲಿನ ಡೇರಿ, ಡೇರಿಗೆ ಎದುರಾಗಿ ಪಂಚಾಯಿತಿ ಕಟ್ಟಡ, ಅದಕ್ಕೆ ಅಂಟಿಕೊಂಡಂತೆ ಅರಿವು ಕೇಂದ್ರ. ಐದಾರು ವರ್ಷದ ಹಿಂದೆ ಇದು ಬರೀ ಪಂಚಾಯಿತಿ ಲೈಬ್ರರಿ. ನಾಲ್ಕು ಮಂದಿ ಹಿರಿಯರು ಪೇಪರು ಓದಿ, ರಾಜಕೀಯ ಮಾತಾಡಿ ಎದ್ದುಹೋಗುತ್ತಿದ್ದ ಜಾಗ. 2019ರಲ್ಲಿ ಹಳ್ಳಿಯ ಲೈಬ್ರರಿಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಅಲ್ಲಿಂದೀಚೆಗೆ ಗೋಡೆಗೆ ಬಣ್ಣ ಬಿತ್ತು, ಕಂಪ್ಯೂಟರ್ ಬಂತು, ಮಕ್ಕಳೂ ಬಂದರು.

ಸಾಯಂಕಾಲ ನಾಲ್ಕೂವರೆಗೆ ಹೈಸ್ಕೂಲಿನ ಗಂಟೆ ಹೊಡೆದ ಐದು ನಿಮಿಷಕ್ಕೆ ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಒಳಗೆ ನಾಲ್ಕು ಕಂಪ್ಯೂಟರು, ಒಂದು ಟಿವಿ, ಎರಡು ಟ್ಯಾಬು. ಗೋಡೆಯ ಮೇಲೆ ಅಂಬೇಡ್ಕರ್, ಕುವೆಂಪು. ಯುಪಿಎಸ್ ಇದೆ, ಆದರೆ ಬ್ಯಾಟರಿ ಸತ್ತು ಎಷ್ಟೋ ದಿನವಾಯಿತು. ಕರೆಂಟು ಹೋದರೆ ಎಲ್ಲರೂ ಒಟ್ಟಿಗೆ ‘ಹೋ’ ಎಂದು ಕೂಗಿ ಪುಸ್ತಕದ ಕಪಾಟಿನ ಕಡೆ ತಿರುಗುತ್ತಾರೆ. ಸರ್ಕಾರಿ ಕಾಗದದಲ್ಲಿ ‘ಗ್ರಂಥಾಲಯ ಮೇಲ್ವಿಚಾರಕಿ’ ಎಂದಿರುವ ಹೆಂಗಸು ಮಕ್ಕಳ ಬಾಯಲ್ಲಿ ಲೈಬ್ರರಿ ಅಕ್ಕ.

“ಅಕ್ಕಾ, ಎಐನಲ್ಲಿ ಕೇಳ್ಲಾ?”

“ಮೊದ್ಲು ಬುಕ್ಕು ತೆಗಿ. ನಾಲ್ಕು ಸಾಲು ನೀನೇ ಬರಿ. ಆಮೇಲೆ ಕೇಳು.”

ದಿನಕ್ಕೆ ಹತ್ತು ಸಲ ನಡೆಯುವ ಸಂಭಾಷಣೆ ಇದು. ಈ ನಿಯಮ ಬಂದದ್ದು ಒಂದು ನದಿಯಿಂದ.

ನಡೆದದ್ದು ಇಷ್ಟು. ಒಂಬತ್ತನೇ ತರಗತಿಯ ಸಮಾಜ ವಿಜ್ಞಾನದ ಮೇಷ್ಟ್ರು ‘ನಮ್ಮ ಊರಿನ ಜಲಮೂಲಗಳು’ ಎಂಬ ಪ್ರಾಜೆಕ್ಟ್ ಕೊಟ್ಟರು. ಸೋಮವಾರ ನೋಟ್‌ಬುಕ್ ಕಟ್ಟು ಬಿಚ್ಚಿ ಓದತೊಡಗಿದರೆ ಕನ್ನಡ ಎಷ್ಟು ಚೆನ್ನ! ಒಂದೂ ಕಾಗುಣಿತ ತಪ್ಪಿಲ್ಲ. ‘ನಮ್ಮ ಊರಿನ ಜೀವನಾಡಿಯಾದ ನದಿಯು ಹಚ್ಚಹಸಿರಿನ ಗದ್ದೆಗಳ ನಡುವೆ ಪ್ರಶಾಂತವಾಗಿ ಹರಿಯುತ್ತದೆ.’ ಎರಡನೇ ಪುಸ್ತಕದಲ್ಲೂ ನದಿ. ಮೂರನೆಯದರಲ್ಲಿ ನದಿಯ ಜೊತೆಗೆ ಒಂದು ಸುಂದರ ಸ್ನಾನಘಟ್ಟ. ಕ್ಲಾಸಿನ ಅರ್ಧಕ್ಕರ್ಧ ಪುಸ್ತಕಗಳಲ್ಲಿ ಹೊಳೆ ತುಂಬಿ ಹರಿಯುತ್ತಿತ್ತು.

ಹನ್ನೆರಡು ತಿಂಗಳೂ ಹರಿಯುವ ಒಂದೇ ಒಂದು ನದಿಯಿಲ್ಲದ ಜಿಲ್ಲೆ ಕೋಲಾರ. ಪಾಲಾರ್ ಎಂಬ ಹೆಸರು ನಕಾಶೆಯಲ್ಲಿದೆ, ನೀರು ಮಾತ್ರ ಜೋರು ಮಳೆ ಬಂದ ವರ್ಷಕ್ಕಷ್ಟೇ. ಇಲ್ಲಿನವರು ತಲೆತಲಾಂತರದಿಂದ ಬದುಕಿದ್ದು ಕೆರೆ ನಂಬಿ, ಬಾವಿ ತೋಡಿ, ಆಮೇಲೆ ಬೋರು ಕೊರೆಸಿ.

ಮೇಷ್ಟ್ರು ಸಿಟ್ಟಾಗಲಿಲ್ಲ. ಪುಸ್ತಕಗಳನ್ನು ಕಂಕುಳಲ್ಲಿಟ್ಟುಕೊಂಡು ಕ್ಲಾಸಿಗೆ ಬಂದವರೇ, “ನಡೀರೋ, ಎಲ್ರೂ ಟವಲ್ ತಗೊಳಿ. ಈಜೋಕೆ ಹೋಗೋಣ” ಎಂದರು. ಮಕ್ಕಳು ಮುಖ ಮುಖ ನೋಡಿಕೊಂಡರು. “ನಮ್ಮೂರ ಹೊಳೇಲಿ ಕಣ್ರೋ. ನೀವೇ ಬರ್ದಿದ್ದೀರಲ್ಲ!” ಹಿಂದಿನ ಬೆಂಚಿನಲ್ಲಿ ಮೊದಲು ನಗು ಹುಟ್ಟಿತು, ಆಮೇಲೆ ಮುಂದಿನ ಬೆಂಚಿನ ತಲೆಗಳು ಒಂದೊಂದಾಗಿ ತಗ್ಗಿದವು.

ನದಿ ಎಲ್ಲಿಂದ ಬಂತು ಎಂಬುದು ಗುಟ್ಟೇನಲ್ಲ. ಚಾಟ್‌ಜಿಪಿಟಿಯಂಥ ಯಂತ್ರಗಳು ಕಲಿತಿರುವುದು ಒಂದು ಪದದ ಹಿಂದೆ ಯಾವ ಪದ ಬರಬಹುದು ಎಂಬ ಲೆಕ್ಕವನ್ನು. ‘ನಮ್ಮ ಊರು’, ‘ಜಲಮೂಲ’, ‘ಪ್ರಬಂಧ’ ಎಂದು ಕೇಳಿದರೆ ಅದು ಓದಿದ ಸಾವಿರಾರು ಪ್ರಬಂಧಗಳಲ್ಲಿ ಊರ ಪಕ್ಕ ನದಿಯೇ ಇರುವುದರಿಂದ ಇಲ್ಲಿಗೂ ಒಂದು ನದಿ ತರುತ್ತದೆ. ಕೇಳಿದವನ ಊರು ಯಾವುದು, ಅಲ್ಲಿ ಏನಿದೆ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಅಂತರ್ಜಾಲದಲ್ಲಿ ಇಂಗ್ಲಿಷ್ ಇರುವಷ್ಟು ಕನ್ನಡ ಇಲ್ಲ. ಇರುವ ಕನ್ನಡದಲ್ಲಿ ಕೋಲಾರದ ಒಂದು ಹಳ್ಳಿಯ ಕೆರೆ, ಕುಂಟೆ, ರಾಜಕಾಲುವೆಯ ಸುದ್ದಿ ಎಷ್ಟಿದ್ದೀತು? ಯಂತ್ರ ಸುಳ್ಳು ಹೇಳಿತು ಎನ್ನುವುದಕ್ಕಿಂತ, ಅದಕ್ಕೆ ಗೊತ್ತಿಲ್ಲದ್ದನ್ನು ಬಲ್ಲ ಹುಡುಗ ತನ್ನ ಊರನ್ನು ಬಾಯಿ ಬಿಡದೆ ಅದರ ಕೈಗೆ ಒಪ್ಪಿಸಿದ ಎನ್ನುವುದು ಸರಿ.

ಮೇಷ್ಟ್ರು ಕೊಟ್ಟ ಎರಡನೇ ಪ್ರಾಜೆಕ್ಟ್ ಹೀಗಿತ್ತು. ಪ್ರತಿಯೊಬ್ಬರೂ ಮನೆಯ ಹಿರಿಯರನ್ನು ಕೇಳಬೇಕು: ನಿಮ್ಮ ಕಾಲದಲ್ಲಿ ನೀರು ಎಷ್ಟು ಆಳಕ್ಕೆ ಸಿಕ್ಕಿತ್ತು, ಈಗ ಎಷ್ಟಕ್ಕೆ? ಫೋನು ಆಮೇಲೆ.

ಆ ನೋಟ್‌ಬುಕ್‌ಗಳನ್ನು ನೋಡಬೇಕು! ಕೈಬರಹ ಸೊಟ್ಟ, ಕಾಗುಣಿತಕ್ಕೆ ದೇವರೇ ಗತಿ, ಅಲ್ಲಲ್ಲಿ ತೆಲುಗು ಮಾತು ಹಾಗ್ಹಾಗೇ. ಆದರೆ ಪ್ರತಿ ಪುಟವೂ ಬೇರೆ. ‘ತಾತನ ಬಾವಿ ಎಂಟಾಳು. ಕಪಿಲೆ ಹೊಡೀತಿದ್ರಂತೆ. ಈಗ ಅದ್ರಲ್ಲಿ ಮುಳ್ಳುಕಂಟಿ.’ ‘ಅಪ್ಪನ ಮದುವೆ ವರ್ಷ ಬೋರು, 350 ಅಡಿ.’ ‘ನಾನು ಐದನೇ ಕ್ಲಾಸಲ್ಲಿದ್ದಾಗ ಹಾಕ್ಸಿದ್ದು 1,280 ಅಡಿ, ಫೇಲು. ಪಕ್ಕದಲ್ಲಿ ಇನ್ನೊಂದು 1,400, ಒಂದೂವರೆ ಇಂಚು.’ ಒಬ್ಬ ಹುಡುಗಿಯ ಅಜ್ಜಿ, ಬೋರಿಗೆ ಅಡವಿಟ್ಟ ತನ್ನ ಓಲೆಯ ತೂಕವನ್ನೂ ಬರೆಸಿದ್ದಳು.

ಎಂಟಾಳು ಎಂದರೆ ಎಷ್ಟು ಅಡಿ? ಇದಕ್ಕೆ ಕ್ಲಾಸಿನಲ್ಲಿ ಜಗಳವೇ ಆಯಿತು. ಒಬ್ಬ ನೆಟ್ಟಗೆ ನಿಂತರೆ ಆಗುವ ಎತ್ತರ ಎಂದು ಒಂದು ಗುಂಪು. ಕೈ ಮೇಲೆತ್ತಿ ನಿಂತರೆ ಎಂದು ಇನ್ನೊಂದು. ಕಡೆಗೆ ಕ್ಲಾಸಿನ ಎತ್ತರದ ಹುಡುಗನನ್ನು ಗೋಡೆಗೆ ಒರಗಿಸಿ, ಕೈ ಎತ್ತಿಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಟೇಪು ಹಿಡಿದು ಅಳೆದರು. ಆಮೇಲೆ ತಾತನೊಬ್ಬರನ್ನು ಕರೆಸಿ ಕೇಳಿದರು. ಅವರು ಗೋಡೆಯ ಗೆರೆ ನೋಡಿ, “ನಮ್ ಕಾಲ್ದೋರು ಇಷ್ಟು ಎತ್ರ ಇರ್ಲಿಲ್ಲ ಬಿಡಪ್ಪ” ಎಂದು ಲೆಕ್ಕವನ್ನು ಮತ್ತೆ ಕಲಕಿ ಹೋದರು. ಯಾವ ಮೊಬೈಲೂ ತೀರ್ಮಾನಿಸಲಾಗದ ಸಂಗತಿಯೊಂದು ಸಿಕ್ಕ ಹಿಗ್ಗು ಆ ಮಕ್ಕಳ ಮುಖದಲ್ಲಿತ್ತು.

ಅಂಕಿಗಳೆಲ್ಲ ಸೇರಿದ ಮೇಲೆ ಯಂತ್ರಕ್ಕೆ ಕೆಲಸ. ಅರಿವು ಕೇಂದ್ರದ ಕಂಪ್ಯೂಟರಿನಲ್ಲಿ ಇಬ್ಬರು ಹುಡುಗಿಯರು ಪಟ್ಟಿ ಟೈಪು ಮಾಡಿ ಎಐಗೆ ಕೊಟ್ಟು, ಗ್ರಾಫ್ ಬರೆದು ವಿವರಿಸು ಎಂದರು. ಕಣ್ಣು ಮಿಟುಕಿಸುವಷ್ಟರಲ್ಲಿ ಗ್ರಾಫ್ ಬಂತು. ನಾವೆಲ್ಲ ಗ್ರಾಫ್ ಹಾಳೆ, ಸ್ಕೇಲು, ಪೆನ್ಸಿಲ್ಲು ಎಂದು ಒಂದಿಡೀ ಪೀರಿಯಡ್ ಕಳೆಯುತ್ತಿದ್ದ ಕೆಲಸ ಅದು. ಅದರ ಕೆಳಗೆ ಒಂದು ಸಾಲು: ‘ವರ್ಷದಿಂದ ವರ್ಷಕ್ಕೆ ನೀರಿನ ಮಟ್ಟ ಗಣನೀಯವಾಗಿ ಏರಿಕೆಯಾಗಿರುವುದು ಸಂತಸದ ಸಂಗತಿ.’ ಸಂಖ್ಯೆ ದೊಡ್ಡದಾಯಿತು, ಗೆರೆ ಮೇಲಕ್ಕೆ ಹೋಯಿತು, ಆದ್ದರಿಂದ ಸಂತಸ! ಹುಡುಗಿಯೊಬ್ಬಳು ಪರದೆಗೆ ಬೆರಳಿಟ್ಟು, “ಅಕ್ಕಾ, ಇದಕ್ಕೆ ಆಳ ಅಂದ್ರೇನು ಅಂತಾನೇ ಗೊತ್ತಿಲ್ಲ” ಎಂದಳು. ಅವಳೇ ತಿದ್ದಿ ಹೇಳಿದಳು, ಯಂತ್ರ ಕ್ಷಮೆ ಕೇಳಿ ಗ್ರಾಫನ್ನು ತಲೆಕೆಳಗು ಮಾಡಿತು. ಕೊನೆಗೆ ಮಕ್ಕಳೇ ಒಂದು ಟಿಪ್ಪಣಿ ಸೇರಿಸಿದರು: 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರತೊಡಗಿದ ಮೇಲೆ ಕೆರೆ ಕೆಳಗಿನ ಬೋರುಗಳಲ್ಲಿ ನೀರು ಹೆಚ್ಚಿದೆ ಎನ್ನುತ್ತಾರೆ, ಕುಡಿಯೋಕೆ ಮಾತ್ರ ಯಾರೂ ಬಳಸಲ್ಲ.

ತಿದ್ದಿದ ಆ ಹುಡುಗಿ ಆವತ್ತು ಕಲಿತದ್ದು ಯಾವ ಪಠ್ಯದಲ್ಲೂ ಇಲ್ಲ. ಹಿಂದಿನ ದಿನ ಅಜ್ಜಿಯ ಹತ್ತಿರ ಕೂತು ಕೇಳಿರದಿದ್ದರೆ ಅವಳಿಗೆ ಆ ತಪ್ಪು ಕಾಣುತ್ತಲೂ ಇರಲಿಲ್ಲ.

ಶಾಲೆಗೆ ಯಂತ್ರ ಬಂದಿರುವುದು ಇದೇ ಮೊದಲಲ್ಲ. ಸರ್ಕಾರಿ ಹೈಸ್ಕೂಲುಗಳಿಗೆ ‘ಮಾಹಿತಿ ಸಿಂಧು’ ಹೆಸರಿನಲ್ಲಿ ಕಂಪ್ಯೂಟರ್ ಬಂದಿತ್ತು. ಎಷ್ಟೋ ಕಡೆ ಧೂಳು ಕೂರದಿರಲೆಂದು ಬಟ್ಟೆ ಹೊದಿಸಿ ಬೀಗ ಹಾಕಿದ್ದೇ ಮಕ್ಕಳಿಗೆ ನೆನಪು. 2004ರಲ್ಲಿ ಇಸ್ರೊ ಶಿಕ್ಷಣಕ್ಕೆಂದೇ ಎಡುಸ್ಯಾಟ್ ಉಪಗ್ರಹ ಹಾರಿಸಿದಾಗ ನಮ್ಮ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳ ಟಿವಿಗೆ ಆಕಾಶದಿಂದ ಪಾಠ ಇಳಿಯಿತು. 2017ರಲ್ಲಿ ದೀಕ್ಷಾ ಎಂಬ ಆನ್‌ಲೈನ್ ಪಾಠಗಳ ವೇದಿಕೆ ಬಂತು, ಪಠ್ಯಪುಸ್ತಕದ ಪುಟಗಳಲ್ಲಿ ಕ್ಯೂಆರ್ ಕೋಡ್ ಮೂಡಿತು. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಪಟ್ಟಣದ ಮಕ್ಕಳು ಜೂಮ್‌ನಲ್ಲಿ ಕೂತರು. ಹಳ್ಳಿಗಳಲ್ಲಿ ಮೇಷ್ಟ್ರುಗಳೇ ‘ವಿದ್ಯಾಗಮ’ ಎಂದು ಗುಡಿಯ ಜಗುಲಿ, ಅರಳಿಕಟ್ಟೆ ಹುಡುಕಿಕೊಂಡು ಹೋದರು. ಆ ವರ್ಷ ಹಳ್ಳಿಯ ಮಗುವಿನ ಕೈ ಹಿಡಿದದ್ದು ಯಾವುದು ಎಂದು ಕೇಳಿದರೆ ನನ್ನ ಓಟು ಅರಳಿಕಟ್ಟೆಗೆ.

ಆ ಹಳೆಯ ಯಂತ್ರಗಳೆಲ್ಲ ತಾವು ಹೇಳಬೇಕಾದ್ದನ್ನು ಹೇಳಿ ಸುಮ್ಮನಾಗುತ್ತಿದ್ದವು. ಮಗು ಕೇಳಿತೋ ಬಿಟ್ಟಿತೋ ಅವಕ್ಕೆ ಗೊತ್ತಾಗುತ್ತಿರಲಿಲ್ಲ. 2022ರ ನವೆಂಬರ್ ಕೊನೆಗೆ ಬಂದ ಚಾಟ್‌ಜಿಪಿಟಿ ಮತ್ತು ಅದರ ಹಿಂದೆ ಸಾಲುಗಟ್ಟಿದ ಯಂತ್ರಗಳು ಎದುರು ಮಾತಾಡುತ್ತವೆ. ಬೇಸರಿಸುವುದಿಲ್ಲ, ಗದರುವುದಿಲ್ಲ, ಅದೇ ಪ್ರಶ್ನೆ ಹತ್ತನೇ ಸಲ ಕೇಳಿದರೂ ‘ಒಳ್ಳೆಯ ಪ್ರಶ್ನೆ’ ಎನ್ನುತ್ತವೆ. ಕ್ಲಾಸಿನಲ್ಲಿ ಕೈ ಎತ್ತಲು ನಾಚುವ ಮಗುವಿಗೆ ಇದು ಸಣ್ಣ ಸಂಗತಿಯಲ್ಲ.

ಅಂಥ ಒಬ್ಬಳು ಇಲ್ಲಿದ್ದಾಳೆ, ಎಂಟನೇ ತರಗತಿ. ಟೈಪಿಂಗ್ ಬಾರದು. ಟ್ಯಾಬನ್ನು ತುಟಿಯ ಹತ್ತಿರ ಹಿಡಿದು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, ತಮ್ಮ ತೋಟದ ಟೊಮೆಟೊ ಎಲೆ ಯಾಕೆ ಮುದುರಿಕೊಂಡಿದೆ ಎಂದು ಕೇಳಿದಳು. ಯಂತ್ರ ಅರ್ಥ ಮಾಡಿಕೊಂಡಿತು! ಇದು ನಂಜುರೋಗ ಇರಬಹುದು, ಬಿಳಿನೊಣದಿಂದ ಹರಡುತ್ತದೆ, ಎಲೆಯ ಕೆಳಭಾಗ ನೋಡು ಎಂದಿತು. ಅವಳ ಅಪ್ಪ ಅಂಗಡಿಯವನ ಮಾತು ಕೇಳಿ ಶಿಲೀಂಧ್ರದ ಔಷಧಿ ಹೊಡೆಯುತ್ತಿದ್ದ. ಮಾರನೆಯ ದಿನ ಅವಳು ಒಂದು ಎಲೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ತಂದು, ಕೆಳಗೆ ಅಂಟಿದ ಬಿಳಿಯ ಚುಕ್ಕಿಯಂಥ ಹುಳುಗಳನ್ನು ಎಲ್ಲರಿಗೂ ತೋರಿಸಿದಳು. ಲೈಬ್ರರಿ ಅಕ್ಕ, “ರೈತ ಸಂಪರ್ಕ ಕೇಂದ್ರದೋರನ್ನೂ ಒಂದ್ಸಲ ಕೇಳಮ್ಮ, ಇದೊಂದನ್ನೇ ನಂಬ್ಕೊಂಡು ಔಷ್ದಿ ತರಬೇಡಿ” ಎಂದು ಕಳಿಸಿದರು.

ಮನೆಯಲ್ಲಿ ಫೋನ್ ಇಲ್ಲವೇ? ಇದೆ, ಅಣ್ಣನ ಜೇಬಿನಲ್ಲಿ. ಇದು ಈ ಒಂದು ಮನೆಯ ಕಥೆಯಲ್ಲ. ದೇಶದ ಹಳ್ಳಿಗಳಲ್ಲಿ ನಡೆದ 2024ರ ‘ಅಸರ್’ ಶಿಕ್ಷಣ ಸಮೀಕ್ಷೆಯ ಪ್ರಕಾರ 14ರಿಂದ 16 ವಯಸ್ಸಿನ ಮಕ್ಕಳಲ್ಲಿ ಸುಮಾರು ಶೇ 90ರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ. ಬಳಸಲು ಬಲ್ಲವರಲ್ಲಿ ಹಿಂದಿನ ವಾರ ಅದನ್ನು ಓದಿಗೆ ಬಳಸಿದವರು ಶೇ 57, ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು ಶೇ 76. ಸ್ವಂತ ಫೋನ್ ಇರುವ ಲೆಕ್ಕದಲ್ಲಿ ಹುಡುಗಿಯರು ಹುಡುಗರಿಗಿಂತ ಹಿಂದೆ. ಆದ್ದರಿಂದಲೇ ಸಂಜೆ ಈ ಕೋಣೆಯಲ್ಲಿ ಜಡೆಗಳೇ ಹೆಚ್ಚು.

ಮೇಷ್ಟ್ರುಗಳೂ ಈ ನೀರಿಗೆ ಇಳಿದಿದ್ದಾರೆ. ಮೈಕ್ರೊಸಾಫ್ಟ್ ರಿಸರ್ಚ್ ಮತ್ತು ಶಿಕ್ಷಣ ಫೌಂಡೇಶನ್ ಸೇರಿ ಬೆಂಗಳೂರು ಸುತ್ತಿನ ಸರ್ಕಾರಿ ಶಾಲೆಗಳಲ್ಲಿ 2023ರಲ್ಲಿ ‘ಶಿಕ್ಷಾ ಕೋಪೈಲಟ್’ ಪ್ರಯೋಗ ಶುರು ಮಾಡಿದವು: ನಮ್ಮದೇ ಪಠ್ಯ ಇಟ್ಟುಕೊಂಡು ಪಾಠಯೋಜನೆ ಸಿದ್ಧಪಡಿಸುವ ಎಐ. ಇಲ್ಲಿನ ವಿಜ್ಞಾನದ ಮೇಡಂ ಕೈಯಲ್ಲಿರುವುದು ಮಾಮೂಲಿ ಫೋನ್ ಆ್ಯಪ್ಪೇ. ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಮಸೂರದ ಪಾಠಕ್ಕೆ ಐದು ಪ್ರಯೋಗ ಕೇಳುತ್ತಾರೆ. ಮೂರಕ್ಕೆ ಬೇಕಾದ ಸಾಮಾನು ಶಾಲೆಯಲ್ಲಿ ಇರುವುದಿಲ್ಲ, ಉಳಿದೆರಡನ್ನು ಮಾಡಿಸುತ್ತಾರೆ. “ಮೊದ್ಲು ಪಾಠಯೋಜನೆ ಬರೆಯೋಕೇ ಭಾನುವಾರ ಹೋಗ್ತಿತ್ತು. ಈಗ ಅದೇ ಟೈಮಲ್ಲಿ ಮಕ್ಕಳ ಬುಕ್ ನೋಡ್ತೀನಿ” ಎಂದರು. ಎಐಯಿಂದ ಶಿಕ್ಷಣಕ್ಕೆ ಏನು ಲಾಭ ಎಂದು ಕೇಳುವವರಿಗೆ ನಾನು ತೋರಿಸುವುದು ಆ ಭಾನುವಾರವನ್ನೇ.

ಇನ್ನು ಪರೀಕ್ಷೆ. 2024ರಲ್ಲಿ ಎಸ್ಸೆಸ್ಸೆಲ್ಸಿ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಕೃಪಾಂಕದ ಮಿತಿಯನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೂ ಶೇ 73.40ಕ್ಕೆ ಇಳಿಯಿತು. ಕ್ಯಾಮೆರಾ ಯಾರಿಗೂ ಏನೂ ಕಲಿಸಲಿಲ್ಲ. ಕಲಿತದ್ದು ಎಷ್ಟು ಎಂದು ಬಯಲು ಮಾಡಿತು, ಅಷ್ಟೆ. ಮನೆಗೆಲಸವನ್ನೆಲ್ಲ ಎಐ ಕೈಲಿ ಬರೆಸಿ ಒಂದೂ ತಪ್ಪಿಲ್ಲದೆ ತಂದ ಮಗು ಕಡೆಗೆ ಆ ಕೊಠಡಿಯಲ್ಲಿ ಒಂಟಿಯಾಗಿ ಕೂರಬೇಕು. ನೋಟ್‌ಬುಕ್ಕಿನ ಮುತ್ತಿನಂಥ ಉತ್ತರ ನೋಡಿ ಹಿಗ್ಗುವ ಅಪ್ಪ ಅಮ್ಮಂದಿರು ಒಮ್ಮೆ ಪುಸ್ತಕ ಮುಚ್ಚಿ, “ಇದನ್ನ ನಿನ್ ಮಾತಲ್ಲಿ ಹೇಳು ನೋಡೋಣ” ಎನ್ನಬೇಕು. ಅದಕ್ಕೆ ಓದು ಬರಹ ಬರಲೇಬೇಕೆಂದಿಲ್ಲ. ಕೂತು ಕೇಳುವ ತಾಳ್ಮೆ ಇದ್ದರೆ ಸಾಕು.

ನಾನು ಇಲ್ಲಿ ಕಂಡ ಮಟ್ಟಿಗೆ ಯಂತ್ರ ಮಕ್ಕಳಿಗೆ ಒದಗಿದ್ದೆಲ್ಲ ಪಕ್ಕದಲ್ಲಿ ಒಬ್ಬರು ಇದ್ದಾಗ. ‘ಮೊದ್ಲು ನೀನು ಬರಿ’ ಎನ್ನುವ ಅಕ್ಕ, ಟವಲ್ ತನ್ನಿ ಎನ್ನುವ ಮೇಷ್ಟ್ರು, ಎಂಟಾಳು ಎನ್ನುವ ತಾತ. ಇವರಿಲ್ಲದ ಕಡೆ ಅದೇ ಯಂತ್ರ ನದಿ ಹರಿಸುತ್ತದೆ, ಮಗು ಅದನ್ನು ಚೆಂದವಾಗಿ ನಕಲು ಮಾಡುತ್ತದೆ.

ಪಂಚಾಯಿತಿ ಸದಸ್ಯರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು. ನಿಮ್ಮೂರ ಅರಿವು ಕೇಂದ್ರಕ್ಕೆ ಐದನೇ ಕಂಪ್ಯೂಟರ್ ಕೊಳ್ಳುವ ಮೊದಲು ಇರುವ ನಾಲ್ಕಕ್ಕೆ ಯುಪಿಎಸ್ ಬ್ಯಾಟರಿ ಹಾಕಿಸಿ. ಮೇಲ್ವಿಚಾರಕಿಯ ಗೌರವಧನ ತಿಂಗಳು ತಪ್ಪದಂತೆ ನೋಡಿಕೊಳ್ಳಿ. ಹುಡುಗಿಯರು ಮನೆಗೆ ಹೋಗುವ ದಾರಿಗೆ ಒಂದು ಬೀದಿದೀಪ ಹಾಕಿಸಿ, ಸಂಜೆ ಇನ್ನೊಂದು ಗಂಟೆ ಬಾಗಿಲು ತೆಗೆದಿಡಿ.